ಮಣ್ಣು ಓದುವವರ ಖರ್ಚು ಯಾರದು?

ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ನೆಲ್ಯಾಡಿ ಪೇಟೆಯಲ್ಲಿ ಲಾರಿಗಳು ಸಾಲುಗಟ್ಟುತ್ತವೆ. 2018ರಲ್ಲಿ ಹಾಗಾಯಿತು, 2024ರ ಜುಲೈಯಲ್ಲಿ ಮತ್ತೆ. ಆಗ ಹೋಟೆಲಿನಲ್ಲಿ ಚಾ ಕುಡಿಯುವ ನಾವೆಲ್ಲರೂ ಭೂವಿಜ್ಞಾನಿಗಳೇ! ಆದರೆ ಮನೆಯ ಮಗಳು ಜಿಯಾಲಜಿ ಓದುತ್ತೇನೆಂದರೆ ನಮ್ಮ ಪ್ರಶ್ನೆ ಒಂದೇ: "ಕೆಲಸ ಸಿಗುತ್ತದಾ?"

ಬಡವರ ಮನೆಯ ಈ ಪ್ರಶ್ನೆಯನ್ನು ಹಳಿಯುವಂತಿಲ್ಲ. ದಾರಿಗಳೇನೋ ಇವೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ವಿಭಾಗವಿದೆ. ಎಂ.ಎಸ್ಸಿ. ಮುಗಿಸಿದವರು ಯುಪಿಎಸ್‌ಸಿ ಪರೀಕ್ಷೆ ಬರೆದು, 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಬಹುದು. ಸಂಶೋಧನೆ ಮಾಡುವವರಿಗೆ ಸಿಎಸ್‌ಐಆರ್‌ನ ಜೆಆರ್‌ಎಫ್ ಇದೆ. ಅಲ್ಪಸಂಖ್ಯಾತರಿಗೆ 2009ರಲ್ಲಿ ಶುರುವಾದ ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ಹೊಸಬರಿಗೆ ನಿಂತಿತು. ಬೇರೆ ಯೋಜನೆಗಳಿವೆಯಲ್ಲ ಎಂದಿತು ಸರಕಾರ. ಜೆಆರ್‌ಎಫ್ ಕೈತಪ್ಪಿದವಳ ಹಾಸ್ಟೆಲ್ ಬಾಕಿ ಆ ಮಾತಿನಿಂದ ತೀರುವುದಿಲ್ಲ.

ಸರಕಾರವನ್ನು ದೂರುವುದು ಸುಲಭ. ನಾವೇನು ಮಾಡಿದೆವು? ಮದುವೆಗೆ, ಆಸ್ಪತ್ರೆಗೆ ಚಂದಾ ಎತ್ತುತ್ತೇವೆ, ಎತ್ತಲೇಬೇಕು. ಕಲ್ಲು ಮಣ್ಣು ಓದುವವಳಿಗೆ ಕೊಡುವುದು ಮಾತ್ರ ನಮಗೆ ದಂಡದಂತೆ ಕಾಣುತ್ತದೆ. ಗುಡ್ಡ ಜರಿಯುವ ಮೊದಲೇ ತಿಳಿಯಬೇಕಾದದ್ದು ನಮಗೆ. ಅದಕ್ಕಾಗಿ ಐದಾರು ವರ್ಷ ಸಂಬಳವಿಲ್ಲದೆ ಕೂರಬೇಕಾದವಳು ಅವಳು. ಇದು ಯಾವ ನ್ಯಾಯ?

ನಮ್ಮ ಪರಿಚಯದ ಹುಡುಗಿಯೊಬ್ಬಳು ಜಿಯಾಲಜಿ ಬಿಟ್ಟು ಬಿ.ಎಡ್. ಸೇರಿದಳು. ಹಾಗೆ ಮಾಡೆಂದು ಸಲಹೆ ಕೊಟ್ಟವರು ನಾವೇ.