ಮನೆ ಕಟ್ಟುವವನ ಹಣವೂ ಊರಿನ ಹಿತವೂ

ಊರಿನ ಅಂಚಿನಲ್ಲಿ ಹೊಸದಾಗಿ ನೂರು ಮನೆಗಳೇಳುವುವು. ಅವನ್ನು ಕಟ್ಟಿ ಮಾರುವವನು ಊರಿನ ಸಭೆಗೆ ಒಂದಿಷ್ಟು ಹಣವನ್ನು ತೆರುವನು. ಈ ಹಣಕ್ಕೆ ಏನೆಂದು ಹೆಸರಿಡೋಣ? ಕಾಣಿಕೆಯೆಂದರೆ, ಕಾಣಿಕೆಯನ್ನು ಕಾನೂನಿನ ಬಲದಿಂದ ವಸೂಲು ಮಾಡುವುದುಂಟೆ? ದಂಡವೆಂದರೆ, ಮನೆ ಕಟ್ಟುವುದು ಅಪರಾಧವಲ್ಲ. ಬೆಲೆಯೆಂದರೆ ಅನುಮತಿಯನ್ನೇ ಮಾರಿದಂತಾಯಿತು. ಇದು ಬರಿಯ ಮಾತಿನ ಚರ್ಚೆಯೆಂದು ವಾಚಕರು ಭಾವಿಸಬಾರದು. ಹಣವು ಎಂಥದೆಂಬುದು ನಿಶ್ಚಯವಾದ ಹೊರತು ಅದು ಯಾರದೆಂಬುದು ನಿಶ್ಚಯವಾಗದು.

ಇಂಗ್ಲೆಂಡಿನವರು ಈ ಪ್ರಶ್ನೆಯೊಡನೆ ಬಹುಕಾಲದಿಂದ ಹೆಣಗುತ್ತಿರುವರು. ಅನುಮತಿಯಿಂದ ನೆಲದ ಬೆಲೆಯಲ್ಲುಂಟಾಗುವ ಏರಿಕೆಯೆಲ್ಲವೂ ಸಮಾಜದ್ದೆಂದು 1947ರ ಶಾಸನವು ಸಾರಿತು. ಆ ಕರವನ್ನು 1953ರಲ್ಲಿ ತೆಗೆದುಹಾಕಿದರು. ಈಗಿರುವ ಮಾರ್ಗಗಳೆರಡು: 1990ರ ಶಾಸನದ 106ನೆಯ ಸೆಕ್ಷನ್ನಿನ ಕರಾರು ಒಂದು; 2010ರಿಂದ ಕೆಲವು ಕೌನ್ಸಿಲುಗಳು ಚದರ ಮೀಟರಿನ ಲೆಕ್ಕದಲ್ಲಿ ಹಾಕುತ್ತಿರುವ ಸುಂಕವೊಂದು.

ಆಕ್ಸ್‌ಫರ್ಡ್ ಪ್ರಾಂತದ ವಿಟ್ನಿ ಎಂಬ ಊರಿನ ಮೊಕದ್ದಮೆಯು ವಿಚಾರಯೋಗ್ಯವಾದುದು. ಟೆಸ್ಕೊ ಎಂಬ ವ್ಯಾಪಾರಸಂಸ್ಥೆಯು ದೊಡ್ಡ ಮಳಿಗೆಯೊಂದಕ್ಕೆ ಅನುಮತಿಯನ್ನು ಕೋರಿ, ಊರಿಗೆ ಬೇಕಾಗಿದ್ದ ಕೂಡುರಸ್ತೆಯೊಂದರ ವೆಚ್ಚವನ್ನು, ಎಂದರೆ 66 ಲಕ್ಷ ಪೌಂಡುಗಳನ್ನು, ತಾನೇ ಕೊಡುವೆನೆಂದಿತು. ಆ ರಸ್ತೆಗೂ ಮಳಿಗೆಗೂ ಇರುವ ಸಂಬಂಧವು ಅತ್ಯಲ್ಪವೆಂದು ಮಂತ್ರಿಯು ಈ ಕೊಡುಗೆಯನ್ನು ಅಷ್ಟಾಗಿ ಗಣಿಸಲಿಲ್ಲ. 1995ರಲ್ಲಿ ಲಾರ್ಡ್ಸ್ ಸಭೆಯು ಆ ನಿರ್ಣಯವನ್ನೇ ಎತ್ತಿಹಿಡಿಯಿತು. ರಸ್ತೆಯೇನೋ ಜನೋಪಯೋಗಿಯೇ. ಆದರೆ ಯಾರು ಹೆಚ್ಚು ಕೊಡುವರೆಂದು ನೋಡತೊಡಗಿದ ನ್ಯಾಯಾಧಿಕಾರಿಯ ಕಣ್ಣು ನಿವೇಶನದ ಮೇಲೆ ನಿಲ್ಲುವುದೆ? ಮಂತ್ರಿಯು ಮಾಡಿದುದು ಸರಿಯೆಂದೇ ನನಗೆ ತೋರುತ್ತದೆ.

ಇನ್ನು ವೆಚ್ಚದ ಮಾತು. ಕರಾರಿನ ಹಣಕ್ಕೆ ಕಟ್ಟುಪಾಡು ಬಿಗಿಯಾಗಿದೆ: ಅದು ಆ ಕಟ್ಟಡಕ್ಕೆ ಅವಶ್ಯವಾದುದಕ್ಕೆ, ಅದಕ್ಕೆ ನೇರವಾಗಿ ಸಂಬಂಧಿಸಿದುದಕ್ಕೆ, ಪ್ರಮಾಣಕ್ಕೆ ತಕ್ಕುದಕ್ಕೆ ಮಾತ್ರ. ಸುಂಕದಲ್ಲಿ ಗ್ರಾಮಸಭೆಗೆ ಬರುವ ನೂರಕ್ಕೆ 15ರ ಪಾಲಿಗೆ ಅಷ್ಟು ಬಿಗಿಯಿಲ್ಲ. ಜನರ ಮತದಿಂದ ಒಪ್ಪಿಗೆಯಾದ ಯೋಜನೆಯಿರುವ ಊರಿಗೆ ಈ ಪಾಲು 25. ಕಷ್ಟವಿರುವುದು ಇಲ್ಲಿಯೇ. ಹಣ ಬರುವಾಗ ಸಭೆಯಲ್ಲಿ ಕುಳಿತಿರುವವರು ಹಳಬರು. ಹೊಸ ಮನೆಗಳಿಗೆ ಬರತಕ್ಕವರಿಗೆ ಆಗ ಅಲ್ಲಿ ಮತವೂ ಇಲ್ಲ, ಮಾತೂ ಇಲ್ಲ. ಹಳಬರು ಸಮುದಾಯಭವನದ ಮಾಡನ್ನು ಹೊಸದಾಗಿ ಹೊದಿಸುವರು. ಹೊಸಬರ ಮಕ್ಕಳು ಕಾಲುದಾರಿಯಿಲ್ಲದ ರಸ್ತೆಯಲ್ಲಿ ಶಾಲೆಗೆ ನಡೆಯುವರು.

ಹಳಬರಿಗೆ ನಷ್ಟವೇ ಇಲ್ಲವೆನ್ನಲಾಗದು. ಕಣ್ಣಿಗೆ ಹಸುರಾಗಿದ್ದ ಹೊಲ ಹೋಯಿತು, ಬೀದಿಯಲ್ಲಿ ವಾಹನಗಳು ಹೆಚ್ಚಿದವು. ಹಣವು ಅದಕ್ಕೆ ಪರಿಹಾರವೆಂಬ ವಾದದಲ್ಲಿ ತಥ್ಯವಿದೆ. ಆದರೆ ಅದು ಪರಿಹಾರ ಮಾತ್ರವೇ ಆಗಿದ್ದರೆ ಹೊಲದ ಪಕ್ಕದವನಿಗೆ ಹಂಚಿಬಿಡಬಹುದಾಗಿತ್ತು. ಊರಿನ ಬೊಕ್ಕಸಕ್ಕೆ ಕೊಟ್ಟುದರಿಂದಲೇ ಅದು ನ್ಯಾಸ. ಅವಿಭಕ್ತ ಕುಟುಂಬದ ಆಸ್ತಿಯನ್ನು ವಿಭಾಗಿಸುವಾಗ ಗರ್ಭಸ್ಥ ಶಿಶುವಿಗೂ ಪಾಲನ್ನು ಮೀಸಲಿಡಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನ್ಯಾಯ. ಇನ್ನೂ ಬಾರದ ನೆರೆಯವನ ಸ್ಥಿತಿಯೂ ಅಂಥದೇ ಅಲ್ಲವೆ?

ಐದು ವರ್ಷಗಳಲ್ಲಿ ವೆಚ್ಚವಾಗದ ಹಣವನ್ನು ಹಿಂದಕ್ಕೆ ಕೇಳಬಹುದೆಂಬ ನಿಯಮವೂ ಉಂಟು. ಹಣವು ಪೆಟ್ಟಿಗೆಯಲ್ಲಿ ಕೊಳೆಯದಂತೆ ಮಾಡಿದ ಏರ್ಪಾಡಿದು. ಆದರೆ ಬೆಂಚುಗಳನ್ನೂ ಹೂಕುಂಡಗಳನ್ನೂ ಅವಸರದಲ್ಲಿ ಕೊಳ್ಳುವುದಕ್ಕೂ ಇದೇ ನೆಪವಾದೀತು. ಸುಂಕ ಹಾಕುವ ಕೌನ್ಸಿಲು ಬಂದುದನ್ನೂ ಹೋದುದನ್ನೂ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಪ್ರಕಟಿಸಬೇಕು. ಹೊಸ ಬಡಾವಣೆಯವನು ಆ ಲೆಕ್ಕವನ್ನು ಓದುವ ವೇಳೆಗೆ ಬೆಂಚುಗಳಿಗೆ ಬಣ್ಣ ಬಳಿದಾಗಿರುತ್ತದೆ.