ಸದ್ದಡಗಿಸುವುದೂ ದೋಷ ತೆಗೆಯುವುದೂ

ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನು ಮೊತ್ತಮೊದಲು ಕಲಿಯುವ ಅನುಮಾನವು ಹೊಗೆ ಬೆಂಕಿಗಳದ್ದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಹೊಗೆಯು ಲಿಂಗ, ಬೆಂಕಿಯು ಸಾಧ್ಯ. ಆದರೆ ಹೊಗೆಯಿಲ್ಲದ ಕಡೆ ಬೆಂಕಿಯೂ ಇಲ್ಲವೆಂದು ಹೇಳಲು ಬರುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಪಾಠಶಾಲೆಯ ಜಗಲಿಯಲ್ಲಿ ಎರಡು ಗಳಿಗೆಗೆ ಮುಗಿದುಹೋಗುವ ಈ ಪಾಠವನ್ನು ಲೋಕವ್ಯವಹಾರದಲ್ಲಿ ಮರೆಯುವವರೇ ಬಹಳ ಮಂದಿ. ಸದ್ದುಮಾಡುವ ಮೋಟಾರುಗಾಡಿಯೊಂದರ ಹಿಂಬದಿಯ ಡಿಫರೆನ್ಷಿಯಲನ್ನು ಅಲ್ಪಧನದಿಂದ ಮನೆಯಲ್ಲಿಯೇ ಸರಿಮಾಡಿಕೊಳ್ಳುವ ಸಾಮಾನ್ಯವಾದ ಕೆಲಸದಲ್ಲಿ ಈ ಮರೆವು ಹೇಗೆ ಧರ್ಮದ ಪ್ರಶ್ನೆಯಾಗಿ ಪರಿಣಮಿಸುತ್ತದೆಂಬುದು ವಿಚಾರಾರ್ಹವಾಗಿದೆ.

ಎತ್ತಿನ ಗಾಡಿಗೆ ಈ ಯಂತ್ರಭಾಗವು ಬೇಕಾಗಿಲ್ಲ. ಅದರ ಅಚ್ಚು ತಿರುಗದೆ ನಿಂತಿರುತ್ತದೆ. ಚಕ್ರಗಳೆರಡೂ ಒಂದರ ಹಂಗು ಮತ್ತೊಂದಕ್ಕಿಲ್ಲದೆ ಅದರ ಮೇಲೆ ಸುತ್ತುತ್ತವೆ. ರಥಬೀದಿಯ ತೇರಿಗೂ ಹಗ್ಗವೇ ಬಲವಲ್ಲದೆ ಚಕ್ರವು ಬಲವಲ್ಲ. ಆದರೆ ಯಂತ್ರವು ಎರಡು ಹಿಂಚಕ್ರಗಳನ್ನೂ ತಾನೇ ತಿರುಗಿಸಬೇಕಾದಾಗ ತೊಡಕು ಹುಟ್ಟುತ್ತದೆ. ಚಕ್ರಗಳ ನಡುವೆ ನಾಲ್ಕೂವರೆ ಅಡಿ ಅಂತರವುಳ್ಳ ಗಾಡಿಯು ಒಂದು ಪೂರ್ಣಸುತ್ತು ಬಂದರೆ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 28 ಅಡಿ ಹೆಚ್ಚಾಗಿ ನಡೆಯಬೇಕು. ಸುತ್ತು ಸಣ್ಣದಾದರೂ ದೊಡ್ಡದಾದರೂ ಈ ಲೆಕ್ಕವು ಬದಲಾಗುವುದಿಲ್ಲ. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ತಿರುವಿನಲ್ಲಿ ಒಂದು ಜಾರಲೇಬೇಕು. ಇದಕ್ಕೆ ಪರಿಹಾರವಾಗಿ ಫ್ರಾನ್ಸ್ ದೇಶದ ಪೆಕೇರ್ ಎಂಬಾತನು 1827ರಲ್ಲಿ ಹಲ್ಲುಗಾಲಿಗಳ ಒಂದು ಕೂಟವನ್ನು ರಚಿಸಿದನು. ಯಂತ್ರದಿಂದ ಬರುವ ದಂಡದ ತುದಿಯಲ್ಲಿರುವ ಚಿಕ್ಕ ಪಿನಿಯನ್ನು ದೊಡ್ಡ ಕ್ರೌನ್ ಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನೊಳಗಿನ ಸಣ್ಣ ಗಾಲಿಗಳು ಆ ಬಲವನ್ನು ಎರಡು ಚಕ್ರಗಳಿಗೂ ಹಂಚುತ್ತವೆ. ಕ್ರೌನ್ ನೂರು ಸುತ್ತು ಬರುವಾಗ ಒಂದು ಚಕ್ರವು ನೂರೈದು ಸುತ್ತಿದರೆ ಇನ್ನೊಂದು ತೊಂಬತ್ತೈದೇ ಸುತ್ತತಕ್ಕದ್ದು. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿಯೂ ಇಷ್ಟು ಚೊಕ್ಕವಾದ ಲೆಕ್ಕವು ಸಿಕ್ಕುವುದು ಕಷ್ಟ.

ಮಂಗಳೂರಿಗೆ ಇಂತಹ ಕೆಲಸವು ಹೊಸತಲ್ಲ. ಬಾಸೆಲ್ ಮಿಶನ್ನಿನವರ ಕಾರ್ಯಾಗಾರಗಳಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಇಲ್ಲಿನ ಹುಡುಗರು ಲೋಹದ ಕೆಲಸವನ್ನು ಕಲಿತರು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು, ಜನರ ಬಾಯಲ್ಲಿ ಸಿ. ಪಿ. ಸಿ.ಯು, ಹುಟ್ಟಿದ ಮೇಲೆ ಮೋಟಾರಿನ ವಿದ್ಯೆಯು ಊರಿನಲ್ಲಿ ಬೇರೂರಿತು. ಮುಂದೆ ಉತ್ತರಪಾರಾದಲ್ಲಿ 2014ರ ವರೆಗೂ ತಯಾರಾಗುತ್ತಿದ್ದ ಅಂಬಾಸಡರ್ ಗಾಡಿಗಳು ಇಲ್ಲಿನ ಬೀದಿಗಳಲ್ಲಿ ದೀರ್ಘಕಾಲ ಓಡಾಡಿದುವು. ಅಂತಹ ಒಂದು ಹಳೆಯ ಗಾಡಿಯನ್ನು ಇನ್ನೂ ಇಟ್ಟುಕೊಂಡಿರುವ, ನಿವೃತ್ತಿವೇತನದಿಂದ ಜೀವಿಸುವ, ಕದ್ರಿಯ ಕಡೆಯ ಒಬ್ಬ ಗೃಹಸ್ಥನನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಗಾಡಿಯ ಹಿಂಬದಿಯಿಂದ ಊಳಿಡುವ ಸದ್ದು ಬರುತ್ತಿದೆ. ಹೊಸ ಸಾಮಾನು ಹಾಕಿಸುವ ಶಕ್ತಿ ಅವನಿಗಿಲ್ಲ. ಮಳೆಗಾಲ ಕಳೆದ ಮೇಲೆ ಗಾಡಿಯನ್ನು ಮಾರಿಬಿಡುವ ಯೋಚನೆಯೂ ಉಂಟು.

ಮೊದಲನೆಯ ಕರ್ತವ್ಯವು ಸದ್ದನ್ನು ಸರಿಯಾಗಿ ಕೇಳುವುದು. ಇಲ್ಲಿ ಹೇತ್ವಾಭಾಸಗಳು ಅನೇಕ. ಸವೆದ ಟಯರೂ ಊಳಿಡುತ್ತದೆ, ಚಕ್ರದ ಬೇರಿಂಗೂ ಗುಡುಗುಟ್ಟುತ್ತದೆ. ನಯವಾದ ರಸ್ತೆಯಿಂದ ಒರಟು ರಸ್ತೆಗೆ ಬಂದೊಡನೆ ಸದ್ದಿನ ಸ್ವರವು ಬದಲಾದರೆ ಅದು ಟಯರಿನದು. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವಾಗ ಊಳಿಟ್ಟು, ಇಳಿಯುವಾಗ ಸುಮ್ಮನಾದರೆ ಹಲ್ಲಿನ ಒಂದು ಮೈ ಕೆಟ್ಟಿದೆ. ಇಳಿಯುವಾಗ ಮಾತ್ರ ಊಳಿಟ್ಟರೆ ಮತ್ತೊಂದು ಮೈ. ಏಕೆಂದರೆ ಏರಿನಲ್ಲಿ ಯಂತ್ರವು ಚಕ್ರವನ್ನು ತಳ್ಳುತ್ತದೆ, ಇಳಿಜಾರಿನಲ್ಲಿ ಚಕ್ರವೇ ಯಂತ್ರವನ್ನು ತಳ್ಳುತ್ತದೆ. ಏರಿಳಿತಗಳೆರಡರಲ್ಲಿಯೂ ಬಿಡದೆ ಗುರುಗುಟ್ಟಿದರೆ ಬೇರಿಂಗಿನ ಮೇಲೆ ಸಂಶಯಪಡಬೇಕು. ಅನ್ವಯವ್ಯತಿರೇಕಗಳನ್ನು ಗ್ರಂಥದಲ್ಲಿ ಓದಿದವರಿಗಿಂತ ಗರಾಜಿನ ಹುಡುಗನು ಚೆನ್ನಾಗಿ ಬಲ್ಲನೆಂದರೆ ಪಂಡಿತರು ಮುನಿಯಬಾರದು.

ಗೃಹಸ್ಥನು ಅಂಗಳದಲ್ಲಿ ಗಾಡಿಯನ್ನು ಎತ್ತಿ, ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ಎಣ್ಣೆಯನ್ನು ಬಸಿಯುತ್ತಾನೆ. ಎಣ್ಣೆಯು ಹಾಲುಬಣ್ಣಕ್ಕೆ ತಿರುಗಿದೆ: ಮಳೆನೀರು ಒಳಹೊಕ್ಕ ಗುರುತು. ನೀರಿನಿಂದ ಬೇರಿಂಗುಗಳಲ್ಲಿ ತುಕ್ಕಿನ ಕಲೆಗಳೆದ್ದಿವೆ, ಪಿನಿಯನ್ನಿನ ಸೀಲು ಒಣಗಿ ಬಿರಿದಿದೆ. ಬಿಚ್ಚುವ ಮೊದಲು ಅವನು ಮಾಡುವ ಜಾಣತನದ ಕೆಲಸವೆಂದರೆ ಹಳೆಯ ಅಳತೆಗಳನ್ನು ಬರೆದಿಡುವುದು. ಕ್ರೌನಿಗೂ ಪಿನಿಯನ್ನಿಗೂ ನಡುವಣ ಸಡಿಲು ಎಷ್ಟು, ಯಾವ ದಪ್ಪದ ಶಿಮ್ ಎಲ್ಲಿತ್ತು, ಬೇರಿಂಗಿನ ಯಾವ ಮುಚ್ಚಳವು ಯಾವ ಕಡೆಯದು. ಮುಚ್ಚಳಗಳನ್ನು ಅದಲುಬದಲು ಮಾಡತಕ್ಕದ್ದಲ್ಲ. ಅವುಗಳನ್ನು ಪೆಟ್ಟಿಗೆಯೊಡನೆ ಒಟ್ಟಿಗೇ ಕೊರೆದಿರುತ್ತಾರೆ. ಕ್ರೌನ್ ಪಿನಿಯನ್ನುಗಳೂ ಜೋಡಿಯಾಗಿಯೇ ತಿಕ್ಕಿ ಹೊಂದಿಸಲ್ಪಟ್ಟವು. ಗುಜರಿ ಅಂಗಡಿಯಲ್ಲಿ ಒಂದು ಗಾಡಿಯ ಪಿನಿಯನ್ನನ್ನೂ ಮತ್ತೊಂದರ ಕ್ರೌನನ್ನೂ ಅಗ್ಗದಲ್ಲಿ ತಂದು ಕೂಡಿಸಿದರೆ ಊಳು ಎರಡು ಪಾಲಾಗುತ್ತದೆ. ಅನೇಕ ವರ್ಷ ಒಂದರೊಡನೊಂದು ಸವೆದ ಹಲ್ಲುಗಳು ತಮ್ಮ ಹಳೆಯ ನಿಲುವಿನಿಂದ ಕೂದಲೆಳೆಯಷ್ಟು ಸರಿದರೂ ಹೊಸದಾಗಿ ಕೂಗತೊಡಗುವುದುಂಟು. ಅದಕ್ಕಾಗಿಯೇ ಹಳೆಯ ಅಳತೆಯು ಬೇಕು.

ಹಣವುಳಿಯುವುದು ಇಂತಹ ಕಡೆಗಳಲ್ಲಿಯೇ. ಬೇರಿಂಗಿನ ಮೈಮೇಲೆ ಅದರ ಸಂಖ್ಯೆಯು ಕೊರೆದಿರುವುದರಿಂದ, ಗಾಡಿಯ ಹೆಸರನ್ನೇ ಎತ್ತದೆ ಅದೇ ಸಂಖ್ಯೆಯದನ್ನು ಯಾವ ಬೇರಿಂಗ್ ಅಂಗಡಿಯಲ್ಲಿಯಾದರೂ ಕೇಳಬಹುದು. ಹಳೆಯ ಬೇರಿಂಗಿನ ಒಳಬಳೆಯನ್ನು ಉಜ್ಜಿ ಸಡಿಲಮಾಡಿಕೊಂಡರೆ, ಶಿಮ್ ಬದಲಿಸಿದ ಪ್ರತಿಸಲವೂ ಹೊಸ ಬೇರಿಂಗನ್ನು ಹೊಡೆದು ಕೀಳಬೇಕಾಗಿಲ್ಲ. ಅಳತೆ ಸರಿಹೋಗುವ ತನಕ ಹಳೆಯದೇ ಕೈಗೆ ಬರುತ್ತದೆ. ಪ್ರೆಸ್ಸಿನಿಂದ ಒತ್ತುವ ಕೆಲಸಕ್ಕೆ ಮಾತ್ರ ಲೇತಿನ ಅಂಗಡಿಗೆ ಹೋದರಾಯಿತು. ಪಿನಿಯನ್ನು ಎಷ್ಟು ಬಿಗುವಾಗಿ ತಿರುಗುತ್ತದೆಂಬುದನ್ನು ಅಳೆಯಲು ಅದರ ಫ್ಲಾಂಜಿಗೆ ದಾರ ಸುತ್ತಿ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ ಎಳೆದರೆ ಸಾಕು. ತಕ್ಕಡಿ ತೋರಿಸಿದ ತೂಕವನ್ನು ಫ್ಲಾಂಜಿನ ಅರ್ಧವ್ಯಾಸದಿಂದ ಗುಣಿಸಿದರೆ ಬೇಕಾದ ಲೆಕ್ಕ ಬರುತ್ತದೆ. ಕಡೆಗೆ ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿ, ಒಂದರ ಮುದ್ರೆಯು ಮತ್ತೊಂದರ ನಡುಮಧ್ಯೆ ಬೀಳುವುದೋ ಅಂಚಿಗೆ ಬೀಳುವುದೋ ಎಂದು ನೋಡಬೇಕು. ಅನೇಕ ಗಾಡಿಗಳಲ್ಲಿ ಸಡಿಲು ಇಂಚಿನ ಸಾವಿರಪಾಲಿನಲ್ಲಿ 5ರಿಂದ 8ರಷ್ಟಿರಬೇಕೆಂದು ವಿಧಿ. ಅದು ಎರಡು ಮೂರು ಕೂದಲಿನ ದಪ್ಪ. ಈ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ನಾಲ್ಕು ಸಲ ಕೂಡಿಸಿ ನಾಲ್ಕು ಸಲ ಬಿಚ್ಚಿದವನು ಐದನೆಯ ಸಲ ಗೊಣಗದೆ ಬಿಚ್ಚಬೇಕು.

ಇಷ್ಟೆಲ್ಲ ಆದ ಮೇಲೆ ಗಾಡಿಯು ಬಾವುಟಗುಡ್ಡೆಯನ್ನು ಏರುತ್ತದೆ. ಗುರುಗುಟ್ಟುವುದು ನಿಂತಿದೆ, ಏರಿನಲ್ಲಿ ಮೌನ. ಇಳಿಯುವಾಗ ಮಾತ್ರ ಒಂದು ಸಣ್ಣ ಊಳು ಉಳಿದಿದೆ. ಹಲ್ಲಿನ ಆ ಮೈ ಸವೆದುಹೋಗಿದೆ. ಅದಕ್ಕೆ ಹೊಸ ಜೋಡಿಯೇ ಬೇಕು, ಹೊಸ ಜೋಡಿಗೆ ಹಣವಿಲ್ಲ. ನೆರೆಯ ಹಿತೈಷಿಯೊಬ್ಬನು ಹೇಳುತ್ತಾನೆ: “ರಾಯರೆ, ಎಣ್ಣೆಗೆ ಎರಡು ಹಿಡಿ ಮರದ ಹುಡಿ ಬೆರಸಿಬಿಡಿ. ಕೊಳ್ಳುವವನು ಗಾಡಿ ಓಡಿಸಿ ನೋಡುವಾಗ ಒಂದು ಸದ್ದೂ ಬರುವುದಿಲ್ಲ.” ಹಳೆಯ ಗಾಡಿಗಳ ವ್ಯಾಪಾರದಲ್ಲಿ ದೇಶದೇಶಗಳಲ್ಲಿಯೂ ಪ್ರಸಿದ್ಧವಾದ ಉಪಾಯವಿದು. ಹುಡಿಯು ಹಲ್ಲುಗಳ ನಡುವೆ ಹಾಸಿಗೆಯಂತೆ ನಿಂತು ಸದ್ದನ್ನು ನುಂಗುತ್ತದೆ. ಎಣ್ಣೆಯನ್ನೂ ಹೀರಿ, ಕೆಲವು ದಿನಗಳಲ್ಲಿ ಬೇರಿಂಗುಗಳನ್ನು ಬಾಯಾರಿಸುತ್ತದೆ.

ಇಲ್ಲಿ ರಾಜಶಾಸನವು ಏನೆನ್ನುತ್ತದೆಂಬುದನ್ನು ನೋಡುವುದು ಉಚಿತ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು, ತಿಳಿದ ಸಂಗತಿಯನ್ನು ಪ್ರಯತ್ನಪೂರ್ವಕವಾಗಿ ಮರೆಮಾಚುವುದನ್ನು ವಂಚನೆಯೆಂದೇ ಎಣಿಸುತ್ತದೆ. ಹುಡಿ ಬೆರಸುವುದು ಇದಕ್ಕೆ ಸೇರಿತು. ಆದರೆ ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲ. ರೋಗಿಷ್ಠವಾದ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಏನನ್ನೂ ಹೇಳದೆ ಇದ್ದರೆ ಅವನು ತಪ್ಪಿತಸ್ಥನಲ್ಲವೆಂದು ಅಲ್ಲಿಯೇ ಉದಾಹರಣೆ ಕೊಟ್ಟಿದೆ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ ಮಾತ್ರ ಹೇಳುವ ಹೊಣೆ ಹುಟ್ಟುತ್ತದೆ. ಕೊಳ್ಳುವವನು, “ನೀನು ಅಲ್ಲವೆನ್ನದಿದ್ದರೆ ಕುದುರೆಯು ಚೆನ್ನಾಗಿದೆಯೆಂದು ತಿಳಿಯುತ್ತೇನೆ” ಎಂದು ನುಡಿದ ಮೇಲೆ ಮೌನವೂ ಮಾತೇ ಆಗುತ್ತದೆ. 1930ರ ಸರಕು ವಿಕ್ರಯದ ಕಾಯಿದೆಯೂ ನೋಡಿಕೊಳ್ಳುವ ಭಾರವನ್ನು ಬಹುಮಟ್ಟಿಗೆ ಕೊಳ್ಳುವವನ ತಲೆಗೇ ಕಟ್ಟಿದೆ.

ಮಗಳಿಗೊಂದು, ಪರರಿಗೊಂದು ಎಂಬ ಈ ನ್ಯಾಯವು ವ್ಯವಹಾರಕ್ಕೆ ಬೇಕಾಗಿರಬಹುದು. ಅಳಿಯಸಂತಾನದ ಪದ್ಧತಿ ನಡೆದುಬಂದ ಈ ನಾಡಿನಲ್ಲಿ ಆ ಮಗಳ ಸ್ಥಾನದಲ್ಲಿ ಸೋದರಳಿಯನನ್ನು ಇಟ್ಟು ನೋಡಿದರೆ ಪ್ರಶ್ನೆಯು ಇನ್ನೂ ಹತ್ತಿರವಾಗುತ್ತದೆ. “ಮಾವ, ಗಾಡಿಯನ್ನು ನನಗೆ ಕೊಡಿ” ಎಂದು ಅಳಿಯನೇ ಬಂದರೆ ಗೃಹಸ್ಥನು ಹುಡಿಯ ಮಾತನ್ನೆತ್ತುವನೆ? ಎತ್ತಲಾರ. ಹಾಗಾದರೆ ಬೆಳ್ತಂಗಡಿಯಿಂದ ಬಂದ ಅಪರಿಚಿತನ ಮುಂದೆ ಏಕೆ ಎತ್ತಬೇಕು? ಮನುಸ್ಮೃತಿಯಲ್ಲಿ ಕಲಬೆರಕೆಯ ಸರಕನ್ನೂ ಮರೆಮಾಚಿದ ಸರಕನ್ನೂ ಮಾರಬಾರದೆಂದು ಹೇಳುವಲ್ಲಿ ಕೊಳ್ಳುವವನು ಯಾರೆಂದು ಕೇಳಿಲ್ಲ. ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಗೆ ಧರ್ಮವನ್ನು ಬೋಧಿಸಿದವನು ವಾರಾಣಸಿಯ ವ್ಯಾಪಾರಿ ತುಲಾಧಾರ. ಜಡೆಯಲ್ಲಿ ಹಕ್ಕಿಗಳು ಗೂಡುಕಟ್ಟಿ ಮರಿಮಾಡುವ ತನಕ ಅಲುಗದೆ ನಿಂತ ತಪಸ್ವಿಯು, ಎಲ್ಲರಿಗೂ ಒಂದೇ ಸಮನಾಗಿ ನಿಲ್ಲುವ ತಕ್ಕಡಿಯವನ ಬಳಿಗೆ ಪಾಠಕ್ಕೆ ಬರಬೇಕಾಯಿತು.

ಇಲ್ಲಿ ಒಂದು ಆಕ್ಷೇಪವುಂಟು. ದಪ್ಪವಾದ ಎಣ್ಣೆ ಹಾಕಿದರೂ ಸದ್ದು ಸ್ವಲ್ಪ ತಗ್ಗುತ್ತದೆ, ಅದೂ ಪಾಪವೆ? ವೈದ್ಯನು ರೋಗಿಗೆ ನೋವಡಗುವ ಮದ್ದು ಕೊಡುವುದಿಲ್ಲವೆ? ಕೊಡುತ್ತಾನೆ, ಆದರೆ ರೋಗಿಗೆ ತನ್ನ ರೋಗವು ತಿಳಿದಿರುತ್ತದೆ. ತನ್ನ ಕಿವಿಯ ಸುಖಕ್ಕಾಗಿ ಗೃಹಸ್ಥನು, ಯಂತ್ರಕ್ಕೆ ಹಾನಿಯಾಗದ ಎಣ್ಣೆಯನ್ನು ತಿಳಿದೇ ಹಾಕಿದರೆ ಆಕ್ಷೇಪವಿಲ್ಲ. ಹುಡಿಯ ವಿಷಯ ಬೇರೆ. ಅದು ಕೊಳ್ಳುವವನಿಂದ ಇಂದಿನ ದೋಷದ ತಿಳಿವನ್ನಷ್ಟೇ ಕಸಿಯುವುದಲ್ಲ, ನಾಳಿನ ದೋಷದ ಸೂಚನೆಯನ್ನೂ ಕಸಿಯುತ್ತದೆ. ಅವನು ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿರುವಾಗ ಒಳಗೆ ಬೇರಿಂಗು ಒಣಗಿ ಸೀಯುತ್ತಿದ್ದರೂ ಕಿವಿಗೆ ಏನೂ ಬೀಳದು. ಹಲ್ಲೊಂದು ಮುರಿದು ಗಾಲಿಗಳ ನಡುವೆ ಸಿಕ್ಕಿ ಹಿಂಚಕ್ರಗಳು ಕಟ್ಟಿಕೊಂಡ ಕ್ಷಣದಲ್ಲಿಯೇ ಅವನಿಗೆ ಗೊತ್ತಾಗಬೇಕು. ಕಾದ ಗುಂಡನ್ನು ಹೊಗೆಯಿಲ್ಲವೆಂದು ತೋರಿಸಿ ಅವನ ಅಂಗೈಗೆ ಇಟ್ಟಂತಾಯಿತು.

ಸತ್ಯಕ್ಕೆ ಬೆಲೆಯಿಲ್ಲವೆನ್ನುವುದು ಉಪನ್ಯಾಸದ ಮಾತು; ಅದರ ಬೆಲೆಯು ಬಡವನಿಗೆ ಚೆನ್ನಾಗಿ ಗೊತ್ತು. ಊಳಿನ ಸಂಗತಿಯನ್ನು ಹೇಳಿದರೆ ಗಾಡಿಯ ಕ್ರಯವು ಇಳಿಯುತ್ತದೆ, ಬೇರಿಂಗಿಗೆ ಹಾಕಿದ ಹಣವೂ ಪೂರ್ತಿ ಹುಟ್ಟಲಾರದು. ಹಿತೈಷಿಯು ನಗುತ್ತಾನೆ. ಗೃಹಸ್ಥನು ಮಾತ್ರ ಬಂದವರನ್ನು ಕೂರಿಸಿಕೊಂಡು ಏರುದಾರಿಯಲ್ಲಿಯೇ ನಿಲ್ಲಿಸದೆ ಬಾವುಟಗುಡ್ಡೆಯ ಇಳಿಜಾರಿಗೂ ಕರೆದೊಯ್ಯುತ್ತಾನೆ. ಗಾಜುಗಳನ್ನು ಇಳಿಸುತ್ತಾನೆ. ಯಾವ ಬೇರಿಂಗನ್ನು ಬದಲಿಸಿದೆ, ಯಾವ ಜೋಡಿ ಹಳೆಯದು, ಸಡಿಲು ಎಷ್ಟು ಎಂದು ಬರೆದ ಹಾಳೆಯನ್ನು ಗಾಡಿಯ ಕಾಗದಪತ್ರಗಳೊಡನೆ ಮಡಚಿ ಕೊಡುತ್ತಾನೆ. ಮೊದಲು ಬಂದ ಇಬ್ಬರು ಹಾಗೆಯೇ ಹೊರಟುಹೋದರು; ಮೂರನೆಯವನು ಹಾಳೆಯನ್ನು ಎರಡು ಸಲ ಓದಿ, ಪಿನಿಯನ್ನಿನ ಬೇರಿಂಗಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುತ್ತಿದ್ದಾನೆ.