ದಪ್ಪ ಅಕ್ಷರವೆಲ್ಲ ತಲೆಬರಹವಲ್ಲ

ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಹಾಲಿನ ಡೇರಿಯ ವಾರ್ಷಿಕ ವರದಿಯೂ ಈಗ ಮೊಬೈಲಿನಲ್ಲೇ ಸಿದ್ಧವಾಗುವುದುಂಟು. ಆಡಳಿತ ಮಂಡಳಿ, ಜಮಾ-ಖರ್ಚು, ಬೋನಸ್, ಮುಂದಿನ ಸಾಲಿನ ಬಜೆಟ್ ಎಂದು ಹತ್ತಾರು ತಲೆಬರಹ. ಪರಿಚಯದ ಕಾರ್ಯದರ್ಶಿಯೊಬ್ಬರು ಒಂದೊಂದನ್ನೂ ಬೆರಳಲ್ಲಿ ಒತ್ತಿ ಹಿಡಿದು, ಬೋಲ್ಡ್ ಮಾಡಿ, ಸೈಜ್ ಹೆಚ್ಚಿಸಿ, ನೀಲಿ ಬಣ್ಣ ಹಾಕುತ್ತಿದ್ದರು. ಎಲ್ಲ ಮುಗಿದ ಮೇಲೆ ಅಧ್ಯಕ್ಷರು, ‘ನೀಲಿ ಬೇಡ, ಕಪ್ಪೇ ಇರಲಿ’ ಎಂದರು. ಮತ್ತೆ ಮೊದಲಿನಿಂದ ಶುರು.

ಅವರು ಬಳಸುತ್ತಿದ್ದ ಆ್ಯಪ್‌ನಲ್ಲಿ ‘ಸ್ಟೈಲ್’ ಎಂಬ ಪಟ್ಟಿ ಇತ್ತು: ಟೈಟಲ್, ಹೆಡಿಂಗ್ 1, ಹೆಡಿಂಗ್ 2. ಸಾಲಿನಲ್ಲಿ ಕರ್ಸರ್ ಇಟ್ಟು ಹೆಡಿಂಗ್ ಮುಟ್ಟಿದರೆ ಸಾಕಿತ್ತು. ಬೋಲ್ಡ್ ಮಾಡಿದಾಗ ಸಾಲು ಹೇಗೆ ಕಾಣಬೇಕೆಂದು ಹೇಳುತ್ತೇವೆ. ಹೆಡಿಂಗ್ ಎಂದಾಗ ಆ ಸಾಲು ಏನೆಂದು ಹೇಳುತ್ತೇವೆ. ಹೆಡಿಂಗಿನ ರೂಪವನ್ನು ಒಮ್ಮೆ ತಿದ್ದಿದರೆ ಎಲ್ಲ ತಲೆಬರಹಗಳೂ ಬದಲಾಗುತ್ತವೆ. ದೊಡ್ಡಬಳ್ಳಾಪುರದ ನೇಕಾರರಿಗೆ ಇದು ಹೊಸ ಮಾತಲ್ಲ. ಜಕಾರ್ಡ್ ಮಗ್ಗದಲ್ಲಿ ಬುಟ್ಟಾ ಬದಲಾಗಬೇಕಾದರೆ ಯಾರೂ ಒಂದೊಂದು ಹೂವನ್ನು ತಿದ್ದುತ್ತಾ ಕೂರುವುದಿಲ್ಲ, ಕಾರ್ಡನ್ನೇ ಬದಲಿಸುತ್ತಾರೆ. ಆದರೆ ನೇಯ್ದು ಮುಗಿದ ಸೀರೆ ಹಾಗೇ ಉಳಿಯುತ್ತದೆ. ಸ್ಟೈಲ್ ತಿದ್ದಿದರೆ ಬರೆದು ಮುಗಿಸಿದ ಪುಟಗಳೂ ಹೊಸ ರೂಪ ತಾಳುತ್ತವೆ.

ಇಷ್ಟು ಸುಲಭದ ಸೌಲಭ್ಯವನ್ನು ನಮ್ಮವರು ಮುಟ್ಟುವುದಿಲ್ಲವೇಕೆ? ಕಾರಣ ಹಳೆಯ ಭಯವಿರಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂತಿದ್ದವು. ಫಾಂಟ್ ಬದಲಿಸಿದ ಕೂಡಲೇ ಕನ್ನಡ ಮಾಯವಾಗಿ ಅರ್ಥವಿಲ್ಲದ ಚಿಹ್ನೆಗಳು ಎದ್ದುಬರುತ್ತಿದ್ದವು. ಡಿಟಿಪಿ ಅಂಗಡಿಯ ಒಂದು ತಲೆಮಾರು ‘ಸೆಟ್ಟಿಂಗ್ ಮುಟ್ಟಬೇಡಿ’ ಎಂಬ ಪಾಠ ಕಲಿತದ್ದೇ ಹೀಗೆ. ಆದರೆ ಈಗ ಫೋನಿನಲ್ಲಿ ಇರುವುದು ಯೂನಿಕೋಡ್. ಫಾಂಟ್ ಬದಲಾದರೂ ಅಕ್ಷರ ಕೆಡುವುದಿಲ್ಲ. ಭಯದ ಕಾರಣ ಹೋಯಿತು, ಅಭ್ಯಾಸ ಉಳಿಯಿತು.

ತೊಡಕುಗಳಿಲ್ಲವೆಂದಲ್ಲ. ಗೂಗಲ್ ಡಾಕ್ಸ್‌ನಂಥ ಆ್ಯಪ್‌ನಲ್ಲಿ ಸ್ಟೈಲ್ ಹಾಕುವುದು ಸುಲಭ. ಅದರ ರೂಪವನ್ನೇ ತಿದ್ದಲು ಕಂಪ್ಯೂಟರಿಗೆ ಹೋಗಬೇಕಾಗುತ್ತದೆ. ವರ್ಡ್ ಕಡತದಲ್ಲಿ ಕನ್ನಡದ ಫಾಂಟ್ ಮತ್ತು ಅಳತೆ ಇಂಗ್ಲಿಷಿನಿಂದ ಬೇರೆಯಾಗಿಯೇ ದಾಖಲಾಗುವುದರಿಂದ, 14 ಎಂದು ತಿದ್ದಿದರೂ ಇಂಗ್ಲಿಷ್ ಮಾತ್ರ ಬೆಳೆದು ಕನ್ನಡ ಇದ್ದಷ್ಟೇ ಇರುವುದುಂಟು. ಲಿಬ್ರೆಆಫೀಸ್‌ನಲ್ಲಂತೂ ಕನ್ನಡದಂಥ ಲಿಪಿಗಳಿಗೆ ‘ಸಿಟಿಎಲ್’ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂಬ ಬೇರೆಯೇ ವಿಭಾಗವಿದೆ.

ಹಾಗಿದ್ದರೂ ಈ ಅರೆಕೊರೆಯಲ್ಲೇ ಕೆಲಸದ ಒಂದು ಒಳ್ಳೆಯ ವಿಂಗಡಣೆ ಇದೆ ಎನಿಸುತ್ತದೆ. ಯಾವುದು ಅಧ್ಯಾಯ, ಯಾವುದು ಉಪವಿಭಾಗ ಎಂದು ತೀರ್ಮಾನಿಸಬೇಕಾದವರು ಬರೆಯುವವರು. ಅದಕ್ಕೆ ಅಂಗೈಯಗಲದ ತೆರೆ ಸಾಕು. ಬಣ್ಣ, ಅಳತೆಗಳನ್ನು ಆಮೇಲೆ ಡಿಟಿಪಿ ಅಂಗಡಿಯವರು ಒಂದೇ ಸಲಕ್ಕೆ ಸರಿಪಡಿಸಬಹುದು. ಇನ್ನೊಂದು ಲಾಭವೂ ಇದೆ. ದಪ್ಪ ಅಕ್ಷರ ಕಣ್ಣಿದ್ದವರಿಗಷ್ಟೇ ಕಾಣುತ್ತದೆ. ಹೆಡಿಂಗ್ ಎಂದು ಗುರುತಿಸಿದ್ದನ್ನು ದೃಷ್ಟಿಯಿಲ್ಲದವರ ಫೋನು ‘ಹೆಡಿಂಗ್’ ಎಂದೇ ಓದಿ ಹೇಳಬಲ್ಲದು.

ಮುಂದಿನ ವರದಿಗೆ ಕೂತಾಗ ಬೋಲ್ಡ್ ಗುಂಡಿಗೆ ಕೈಹಾಕುವ ಮುನ್ನ ಸ್ಟೈಲ್ ಪಟ್ಟಿ ತೆರೆಯಿರಿ. ಅಲಂಕಾರ ಆಮೇಲಿರಲಿ.